ಐಟಿಐ ಸರ್ಟಿಫಿಕೇಟಿನಿಂದ ಜರ್ಮನಿಯ ಕಾರ್ಖಾನೆಯವರೆಗೆ

ಹಿಂದೆ ನನ್ನ ಬಳಿ ಫಿಟ್ಟರ್ ಟ್ರೇಡ್ ಕಲಿತಿದ್ದ ಹುಡುಗನೊಬ್ಬ ಕಳೆದ ವರ್ಷ ಒಂದು ಸಂಜೆ ಮನೆಗೆ ಬಂದ. ಪೀಣ್ಯದ ಎರಡು ಮೆಷಿನ್ ಶಾಪ್‌ಗಳಲ್ಲಿ ಒಟ್ಟು ಆರು ವರ್ಷ ದುಡಿದವನು. ಮೊಬೈಲ್ ಮುಂದೆ ಹಿಡಿದು, 'ಸರ್, ಇದೊಂದು ನೋಡಿ ಹೇಳಿ. ನಾಳೆ ದುಡ್ಡು ಕಟ್ಟಬೇಕು' ಎಂದ. ವಾಟ್ಸ್‌ಆ್ಯಪ್‌ನಲ್ಲಿ ಬಂದಿದ್ದ ನೇಮಕಾತಿ ಪತ್ರ. ಜರ್ಮನಿಯಲ್ಲಿ ಪ್ರೊಡಕ್ಷನ್ ಟೆಕ್ನಿಷಿಯನ್ ಕೆಲಸ, ವೀಸಾ ಸ್ಪಾನ್ಸರ್‌ಶಿಪ್ ಕಂಪನಿಯದ್ದೇ, ತಿಂಗಳಿಗೆ ಮೂರೂವರೆ ಲಕ್ಷ ಸಂಬಳ, ಭಾಷೆ ಬೇಕಿಲ್ಲ, ಸಂದರ್ಶನವೂ ಇಲ್ಲ. ಫೈಲ್ ಚಾರ್ಜ್ ಎಂದು 85 ಸಾವಿರ ರೂಪಾಯಿ ಕಟ್ಟಬೇಕಿತ್ತು.

'ಡ್ರಾಯಿಂಗ್ ಕಳಿಸಿ ಏನಾದರೂ ಕೇಳಿದರೇನಪ್ಪ?'

'ಇಲ್ಲ ಸರ್.'

'ಯಾವ ಮೆಷಿನ್ ಓಡಿಸ್ತೀಯಾ ಅಂತ?'

'ಇಲ್ಲ ಸರ್. ಪಾಸ್‌ಪೋರ್ಟು, ಫೋಟೊ ಕಳಿಸಿದರೆ ಸಾಕು ಅಂದರು.'

ಪೀಣ್ಯದ ಸಣ್ಣ ಶೆಡ್ಡಿನ ಮಾಲೀಕ ಕೂಡ ಒಂದು ಪೀಸ್ ಕೊಟ್ಟು, ಮೈಕ್ರೊಮೀಟರ್ ಹಿಡಿಯುವ ಕೈ ನೋಡಿಯೇ ಹುಡುಗನನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾನೆ. ಕೋಟಿ ಬೆಲೆಯ ಮೆಷಿನ್ ಇಟ್ಟುಕೊಂಡ ಜರ್ಮನಿಯ ಕಾರ್ಖಾನೆ ಒಂದು ಮಾತೂ ಕೇಳದೆ ಮೆಷಿನ್ ಒಪ್ಪಿಸುತ್ತದೆಯೇ? ಅವನಿಗೆ ಅರ್ಥವಾಯಿತು, ದುಡ್ಡು ಕಟ್ಟಲಿಲ್ಲ. ಆದರೆ ವಿದೇಶಕ್ಕೆ ಹೋಗಬೇಕೆಂಬ ಆಸೆಯಲ್ಲಿ ತಪ್ಪೇನೂ ಇರಲಿಲ್ಲ. ಆಮೇಲೆ ಎಷ್ಟೋ ಭಾನುವಾರ ಇಬ್ಬರೂ ಕೂತು ಸರಿಯಾದ ದಾರಿ ಯಾವುದೆಂದು ಹುಡುಕಿದೆವು. ಆಗ ತಿಳಿದದ್ದನ್ನು ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಿಷಿಯನ್, ಟೂಲ್ ಅಂಡ್ ಡೈ ಮೇಕರ್, ಡಿಪ್ಲೊಮಾ ಮೆಕ್ಯಾನಿಕಲ್ ಕಲಿತ ಎಲ್ಲ ಮಕ್ಕಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಸ್ಪಾನ್ಸರ್‌ಶಿಪ್ ಎಂಬ ಪದ

ಮೊದಲು ಈ ಪದವನ್ನೇ ಸ್ವಲ್ಪ ಬಿಡಿಸಿ ನೋಡಬೇಕು. ನಮ್ಮ ಹುಡುಗರು 'ಸ್ಪಾನ್ಸರ್‌ಶಿಪ್ ಕೊಡುವ ಕಂಪನಿ' ಎಂದು ಹುಡುಕುವುದು ಅಮೆರಿಕ, ಬ್ರಿಟನ್ನಿನ ಪದ್ಧತಿ ಕೇಳಿ. ಅಮೆರಿಕದ ಎಚ್-1ಬಿ ವೀಸಾ ಸಿಗಬೇಕಾದರೆ ಆ ಹುದ್ದೆಗೇ ಕನಿಷ್ಠ ಒಂದು ಪದವಿ ಬೇಕೆನ್ನುವಂತಿರಬೇಕು. ಟೆಕ್ನಿಷಿಯನ್ ಕೆಲಸ ಆ ಲೆಕ್ಕಕ್ಕೆ ಬರುವುದಿಲ್ಲ. ಬ್ರಿಟನ್ನಿನಲ್ಲಿ ಲೈಸೆನ್ಸ್ ಇರುವ ಕಂಪನಿ ಮಾತ್ರ ಸ್ಪಾನ್ಸರ್ ಆಗಬಹುದು. ಅಂಥ ಕಂಪನಿಗಳ ಪಟ್ಟಿಯನ್ನು ಅಲ್ಲಿನ ಸರ್ಕಾರ ತನ್ನ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿದೆ. ಆದರೆ 2025ರ ಜುಲೈ 22ರಿಂದ ಅಲ್ಲಿಯ ಸ್ಕಿಲ್ಡ್ ವರ್ಕರ್ ವೀಸಾ ಪದವಿ ಮಟ್ಟದ ಕೆಲಸಗಳಿಗೆ ಸೀಮಿತವಾಗಿದೆ, ಸಾಮಾನ್ಯ ಸಂಬಳದ ಮಿತಿಯೂ ವರ್ಷಕ್ಕೆ 41,700 ಪೌಂಡ್‌ಗೆ ಏರಿದೆ. ಕೆಲವು ಟೆಕ್ನಿಷಿಯನ್ ಕೆಲಸಗಳು ತಾತ್ಕಾಲಿಕ ಕೊರತೆ ಪಟ್ಟಿಯಲ್ಲಿ ಉಳಿದಿದ್ದರೂ ಹೊಸದಾಗಿ ಹೋಗುವವರು ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಐಟಿಐ ಓದಿದವನು ಈ ಎರಡು ದೇಶಗಳ ಹಿಂದೆ ಬಿದ್ದು ಕಾಲ ಕಳೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಜರ್ಮನಿಯ ಕಾನೂನಿನಲ್ಲಿ ಸ್ಪಾನ್ಸರ್ ಲೈಸೆನ್ಸ್ ಎಂಬುದೇ ಇಲ್ಲ. ಕಾನೂನುಬದ್ಧವಾಗಿ ನಡೆಯುವ ಯಾವ ಕಂಪನಿಯಾದರೂ, ಊರಾಚೆಯ ಮೂವತ್ತು ಜನರ ಟೂಲ್‌ರೂಮ್ ಕೂಡ, ಭಾರತದ ಕೆಲಸಗಾರನನ್ನು ತೆಗೆದುಕೊಳ್ಳಬಹುದು. ಕಂಪನಿ ಕೊಡಬೇಕಾದ ಕಾಗದ ಮುಖ್ಯವಾಗಿ ಎರಡು. ಒಂದು, ಸಹಿ ಹಾಕಿದ ಕೆಲಸದ ಒಪ್ಪಂದ. ಇನ್ನೊಂದು 'ಎರ್ಕ್ಲೇರುಂಗ್ ತ್ಸುಮ್ ಬೆಶೆಫ್ಟಿಗುಂಗ್ಸ್‌ಫರ್‌ಹೆಲ್ಟ್‌ನಿಸ್' ಎಂಬ ಸರ್ಕಾರಿ ನಮೂನೆ. ಹೆಸರು ಕೇಳಿ ಹೆದರಬೇಡಿ, ಉದ್ಯೋಗದ ಘೋಷಣೆ ಎಂದಷ್ಟೇ ಅರ್ಥ. ಹುದ್ದೆ ಯಾವುದು, ದಿನನಿತ್ಯ ಮಾಡಬೇಕಾದ ಕೆಲಸವೇನು, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು, ರಜೆ ಎಷ್ಟು ದಿನ, ಯಾವ ಊರು ಎಂಬುದನ್ನು ಮಾಲೀಕ ಅದರಲ್ಲಿ ತುಂಬಿ ಸಹಿ ಮಾಡಬೇಕು. ಅಲ್ಲಿನ ಕೇಂದ್ರ ಉದ್ಯೋಗ ಇಲಾಖೆ, ಅಂದರೆ 'ಬುಂಡೆಸ್‌ಆಗೆಂಟೂರ್', ಈ ಸಂಬಳ ಅದೇ ಕೆಲಸ ಮಾಡುವ ಜರ್ಮನ್ನರ ಸಂಬಳಕ್ಕೆ ಸಮನಾಗಿದೆಯೇ ಎಂದು ನೋಡಿ ಒಪ್ಪಿಗೆ ಕೊಡುತ್ತದೆ. ನಾವು ಸ್ಪಾನ್ಸರ್‌ಶಿಪ್ ಎಂದು ಕರೆಯುವುದು ಅಲ್ಲಿ ಇಷ್ಟೇ.

ಹಾಗಾಗಿ ಕಂಪನಿಗೆ ಪತ್ರ ಬರೆಯುವಾಗ 'ವೀಸಾ ಸ್ಪಾನ್ಸರ್ ಮಾಡುತ್ತೀರಾ' ಎಂದು ಕೇಳಿದರೆ ಅವರಿಗೆ ತಲೆಬುಡ ತಿಳಿಯದು. 'ನನ್ನ ವಿದ್ಯಾರ್ಹತೆಯ ಮಾನ್ಯತೆ ಇಂಥ ಹಂತದಲ್ಲಿದೆ, ಜರ್ಮನ್ ಇಷ್ಟು ಬರುತ್ತದೆ, ಇಂಥ ಮೆಷಿನ್‌ಗಳ ಮೇಲೆ ಇಷ್ಟು ವರ್ಷ ದುಡಿದಿದ್ದೇನೆ' ಎಂದರೆ ಕೂಡಲೇ ಅರ್ಥವಾಗುತ್ತದೆ.

ಎರಡು ವರ್ಷದ ಗೆರೆ

ನುರಿತ ಕೆಲಸಗಾರರ ವಲಸೆಗೆಂದು ಜರ್ಮನಿ ಮಾಡಿದ ಕಾನೂನು 2020ರ ಮಾರ್ಚ್ 1ರಂದು ಜಾರಿಗೆ ಬಂತು. 2023ರ ನವೆಂಬರಿನಿಂದ 2024ರ ಜೂನ್‌ವರೆಗೆ ಹಂತಹಂತವಾಗಿ ಅದನ್ನು ಸಡಿಲಿಸಿದರು. ಭಾರತ ಮತ್ತು ಜರ್ಮನಿ 2022ರ ಡಿಸೆಂಬರ್ 5ರಂದು ವಲಸೆ ಒಪ್ಪಂದಕ್ಕೂ ಸಹಿ ಹಾಕಿವೆ. 2024ರ ಅಕ್ಟೋಬರಿನಲ್ಲಿ ಆಗಿನ ಚಾನ್ಸಲರ್ ಓಲಾಫ್ ಶೋಲ್ಜ್ ದೆಹಲಿಗೆ ಬಂದಿದ್ದಾಗ, ನುರಿತ ಭಾರತೀಯರಿಗೆ ವರ್ಷಕ್ಕೆ ಕೊಡುವ ವೀಸಾಗಳ ಸಂಖ್ಯೆಯನ್ನು 20 ಸಾವಿರದಿಂದ 90 ಸಾವಿರಕ್ಕೆ ಏರಿಸುವ ಮಾತು ಬಂತು. ಬಾಗಿಲು ತೆರೆದಿರುವುದು ನಿಜ. ಆದರೆ ಎಲ್ಲರಿಗೂ ಒಂದೇ ಬಾಗಿಲಲ್ಲ.

ಇಲ್ಲಿ ನಮ್ಮ ಐಟಿಐ ಮಕ್ಕಳು ಗಮನಿಸಲೇಬೇಕಾದ ಒಂದು ಗೆರೆ ಇದೆ. ಹೊಸ ದಾರಿಗಳಲ್ಲಿ ಹೆಚ್ಚಿನವು 'ಸ್ವದೇಶದ ಸರ್ಕಾರ ಮಾನ್ಯ ಮಾಡಿದ, ಕನಿಷ್ಠ ಎರಡು ವರ್ಷದ ವೃತ್ತಿ ಶಿಕ್ಷಣ' ಕೇಳುತ್ತವೆ. ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಿಷಿಯನ್, ಟೂಲ್ ಅಂಡ್ ಡೈ ಮೇಕರ್ ಟ್ರೇಡ್‌ಗಳು ಎರಡು ವರ್ಷದವು. ವೆಲ್ಡರ್ ಟ್ರೇಡ್ ಒಂದೇ ವರ್ಷದ್ದು. ಕೈಕೆಲಸದಲ್ಲಿ ಯಾರಿಗೂ ಕಡಿಮೆಯಿಲ್ಲದ ವೆಲ್ಡರ್‌ಗಳು ಈ ಒಂದು ಅಂಕಿಯಿಂದ ಹೊರಗುಳಿಯುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಐಟಿಐ ಸೇರಲು ಹೊರಟ ಮಕ್ಕಳ ತಂದೆತಾಯಂದಿರು ಇದನ್ನು ಈಗಲೇ ತಿಳಿದಿರಲಿ. ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಮಾಡಿದವರಿಗೂ, ಕೊನೆಯ ಒಂದು ವರ್ಷ ಕಾರ್ಖಾನೆಯಲ್ಲೇ ಕಳೆಯುವ ಜಿಟಿಟಿಸಿಯ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ನಾಲ್ಕು ವರ್ಷದ ಟೂಲ್ ಅಂಡ್ ಡೈ ಡಿಪ್ಲೊಮಾದವರಿಗೂ ಈ ತೊಂದರೆ ಇಲ್ಲ.

ಗೆರೆ ದಾಟಿದವರ ಮುಂದೆ ನಾಲ್ಕು ದಾರಿಗಳಿವೆ. ಎಲ್ಲಕ್ಕಿಂತ ಗಟ್ಟಿಯಾದದ್ದು ಪೂರ್ಣ ಮಾನ್ಯತೆಯ ದಾರಿ. ನಿಮ್ಮ ಓದು ಮತ್ತು ಅನುಭವ ಸೇರಿ ಅಲ್ಲಿನ ವೃತ್ತಿ ಶಿಕ್ಷಣಕ್ಕೆ ಸಮ ಎಂದು ಜರ್ಮನಿಯ ಸಂಸ್ಥೆಯೇ ಬರೆದುಕೊಡುವುದನ್ನು 'ಅನೆರ್ಕೆನ್ನುಂಗ್' ಎನ್ನುತ್ತಾರೆ. ಕಾರ್ಖಾನೆ ಕಸುಬುಗಳಿಗೆ ಇದನ್ನು ಕೊಡುವುದು ನ್ಯೂರೆಂಬರ್ಗ್ ನಗರದ ಐಎಚ್‌ಕೆ ಫೋಸಾ. ಶುಲ್ಕ 100ರಿಂದ 600 ಯೂರೊ. ಕಾಗದಗಳೆಲ್ಲ ತಲುಪಿದ ಮೇಲೆ ಸಾಮಾನ್ಯವಾಗಿ ಮೂರು ತಿಂಗಳಲ್ಲಿ ತೀರ್ಮಾನ ಬರುತ್ತದೆ. ಪೂರ್ಣ ಮಾನ್ಯತೆ ಸಿಕ್ಕಿತೆಂದರೆ 45 ವರ್ಷದೊಳಗಿನವರಿಗೆ ಸಂಬಳದ ಕನಿಷ್ಠ ಮಿತಿಯೂ ಇಲ್ಲ.

ಎರಡು ವರ್ಷದ ಐಟಿಐಗೆ ನೇರವಾಗಿ ಪೂರ್ಣ ಮಾನ್ಯತೆ ಸಿಗುವುದು ಕಷ್ಟ ಎಂಬುದನ್ನೂ ಹೇಳಬೇಕು. ನಮ್ಮ ಫಿಟ್ಟರ್‌ಗೆ ಹತ್ತಿರದ ಜರ್ಮನ್ ಕಸುಬು 'ಇಂಡುಸ್ಟ್ರೀಮೆಖಾನಿಕರ್'. ಅದರ ತರಬೇತಿ ಮೂರೂವರೆ ವರ್ಷ, ಅಲ್ಲಿ ಕಲಿಯುವವನು ಶಾಲೆ ಮತ್ತು ಕಾರ್ಖಾನೆ ಎರಡರಲ್ಲೂ ಪಳಗುತ್ತಾನೆ. ಈ ಅಂತರವನ್ನು ಕೆಲಸದ ಅನುಭವದಿಂದ ತುಂಬಲು ಕಾನೂನು ಅವಕಾಶ ಕೊಟ್ಟಿದೆ. ತುಂಬಿದ ಮೇಲೂ ಕೊರತೆ ಉಳಿದರೆ ಭಾಗಶಃ ಮಾನ್ಯತೆ ಕೊಟ್ಟು, ಯಾವ ವಿಷಯದಲ್ಲಿ ಕೊರತೆ ಎಂದು ಬರೆದು ತಿಳಿಸುತ್ತಾರೆ. ಆ ಪತ್ರ ಹಿಡಿದು ಅಲ್ಲಿಗೆ ಹೋಗಿ ಕೆಲಸ ಮಾಡುತ್ತಲೇ ಕೊರತೆ ತುಂಬಿಕೊಳ್ಳಲೂ ವೀಸಾ ಇದೆ.

ಎರಡನೆಯದು 'ಮಾನ್ಯತೆಯ ಪಾಲುದಾರಿಕೆ', 2024ರ ಮಾರ್ಚ್‌ನಿಂದ ಬಂದದ್ದು. ಮೊದಲು ಕೆಲಸಕ್ಕೆ ಸೇರಿ, ಆಮೇಲೆ ಮಾಲೀಕನ ಸಹಾಯದಿಂದಲೇ ಮಾನ್ಯತೆಯ ಕೆಲಸ ಮುಗಿಸಿಕೊಳ್ಳುವ ಏರ್ಪಾಡು. ಎರಡು ವರ್ಷದ ಓದು, ಒಪ್ಪಂದ ಮತ್ತು ಎ2 ಮಟ್ಟದ (ಎ1, ಎ2, ಬಿ1, ಬಿ2 ಎಂದು ಏರುವ ಭಾಷಾ ಮಟ್ಟಗಳಲ್ಲಿ ಎರಡನೆಯ) ಜರ್ಮನ್ ಬೇಕು. ಗರಿಷ್ಠ ಮೂರು ವರ್ಷ ಸಿಗುತ್ತದೆ. ನನ್ನ ಪ್ರಕಾರ ಐಟಿಐ ಮುಗಿಸಿ ನಾಲ್ಕೈದು ವರ್ಷ ದುಡಿದವರಿಗೆ ಹೆಚ್ಚು ಹೊಂದುವ ದಾರಿ ಇದೇ.

ಮೂರನೆಯದರಲ್ಲಿ ಮಾನ್ಯತೆಯ ಗೊಡವೆಯೇ ಇಲ್ಲ. ಎರಡು ವರ್ಷದ ಓದಿನ ಜೊತೆ ಕಳೆದ ಐದು ವರ್ಷಗಳಲ್ಲಿ ಕನಿಷ್ಠ ಎರಡು ವರ್ಷದ ಅನುಭವವಿದ್ದರೆ ಸಾಕು. ಆದರೆ ಸಂಬಳ ದೊಡ್ಡದಿರಬೇಕು. 2025ರಲ್ಲಿ ಈ ಮಿತಿ ವರ್ಷಕ್ಕೆ 43,470 ಯೂರೊ ಇತ್ತು, ಪ್ರತಿ ಜನವರಿಗೆ ಬದಲಾಗುತ್ತದೆ. ಹೊಸದಾಗಿ ಬಂದ ಆಪರೇಟರ್‌ಗೆ ಅಷ್ಟು ಕೊಡುವ ಕಂಪನಿಗಳು ಕಡಿಮೆ. ಮೆಕಾಟ್ರಾನಿಕ್ಸ್, ಮೆಂಟೆನೆನ್ಸ್, ಫೈವ್ ಆ್ಯಕ್ಸಿಸ್ ಸೆಟ್ಟಿಂಗ್ ಬಲ್ಲವರು ಪ್ರಯತ್ನಿಸಬಹುದು.

ನಾಲ್ಕನೆಯದು 'ಶಾನ್ಸೆನ್‌ಕಾರ್ಟೆ', ಅವಕಾಶದ ಕಾರ್ಡ್. ಅಲ್ಲಿಗೇ ಹೋಗಿ ಒಂದು ವರ್ಷ ಇದ್ದು ಕೆಲಸ ಹುಡುಕಲು 2024ರ ಜೂನ್‌ನಿಂದ ಇದನ್ನು ಕೊಡುತ್ತಿದ್ದಾರೆ. ಎರಡು ವರ್ಷದ ಓದು, ಕನಿಷ್ಠ ಎ1 ಜರ್ಮನ್ ಅಥವಾ ಬಿ2 ಇಂಗ್ಲಿಷ್ ಇದ್ದು, ಆರು ಅಂಕ ಬೇಕು. ನನ್ನ ಶಿಷ್ಯನ ಲೆಕ್ಕ ಹಾಕಿದೆವು. ಕಳೆದ ಏಳು ವರ್ಷಗಳಲ್ಲಿ ಐದು ವರ್ಷದ ಅನುಭವಕ್ಕೆ ಮೂರು ಅಂಕ, ವಯಸ್ಸು 35 ದಾಟಿಲ್ಲವಾದ್ದರಿಂದ ಎರಡು, ಎ2 ಜರ್ಮನ್‌ಗೆ ಒಂದು. ಸರಿಯಾಗಿ ಆರು. ಆದರೆ ಜೀವನೋಪಾಯಕ್ಕೆ ತಿಂಗಳಿಗೆ 1,091 ಯೂರೊ, ಅಂದರೆ ವರ್ಷಕ್ಕೆ 13,092 ಯೂರೊ ತೋರಿಸಬೇಕು. ಇದು 2025ರ ಲೆಕ್ಕ. ಹನ್ನೆರಡು ಹದಿಮೂರು ಲಕ್ಷ ರೂಪಾಯಿ ಆಯಿತು. ಅಲ್ಲಿ ವಾರಕ್ಕೆ 20 ಗಂಟೆ ದುಡಿಯಲು ಅವಕಾಶವಿದೆ, ನಿಜ. ಆದರೂ ಕೈಯಲ್ಲಿ ಕೆಲಸವಿಲ್ಲದೆ ಹೊರಡುವ ದಾರಿಗಾಗಿ ಹೊಲ ಅಡವಿಡಬೇಡಿ ಎಂದು ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಕಾಗದ ಎಂಬ ದೊಡ್ಡ ಕೆಲಸ

ಯಾವ ದಾರಿ ಹಿಡಿದರೂ ಕೊನೆಗೆ ನಿಲ್ಲುವುದು ಒಂದೇ ಪ್ರಶ್ನೆಗೆ: ನಿಮಗೆ ಈ ಕೆಲಸ ಬರುತ್ತದೆಂದು ಕಾಗದದಲ್ಲಿ ಎಲ್ಲಿದೆ? ನಮ್ಮ ಹುಡುಗರು ಸೋಲುವುದು ಇಲ್ಲೇ. ಕೈಯಲ್ಲಿ ಕಸುಬಿದೆ, ಅದನ್ನು ಹೇಳುವ ಕಾಗದ ಇಲ್ಲ.

ನನ್ನ ಶಿಷ್ಯ ತಂದ ಅನುಭವ ಪತ್ರದಲ್ಲಿ ಎರಡೇ ಸಾಲಿತ್ತು. ಇಂಥವರು ಇಂಥ ದಿನದಿಂದ ಇಂಥ ದಿನದವರೆಗೆ ನಮ್ಮಲ್ಲಿ ಆಪರೇಟರ್ ಆಗಿದ್ದರು, ನಡತೆ ತೃಪ್ತಿಕರ, ಶುಭವಾಗಲಿ. ಆರು ವರ್ಷ ಅವನು ಏನು ಮಾಡಿದ ಎಂಬುದರ ಸುಳಿವೇ ಇಲ್ಲ. ನ್ಯೂರೆಂಬರ್ಗಿನಲ್ಲಿ ಕೂತು ಕಾಗದ ಓದುವವರಿಗೆ ಅವನ ಕೈ ಕಾಣುವುದಿಲ್ಲ, ಈ ಎರಡು ಸಾಲು ಮಾತ್ರ ಕಾಣುತ್ತದೆ.

ಆಮೇಲೆ ಇಬ್ಬರೂ ಕೂತು ಹೊಸ ಕರಡು ಬರೆದೆವು. ಫ್ಯಾನಕ್ ಕಂಟ್ರೋಲ್ ಇರುವ ಎರಡು ಸಿಎನ್‌ಸಿ ಲೇತ್‌ಗಳ ಸೆಟ್ಟಿಂಗ್. ಡ್ರಾಯಿಂಗ್ ಓದಿ ಟೂಲ್ ಆಯ್ಕೆ, ಜಾ ಬೋರಿಂಗ್, ಟೂಲ್ ಆಫ್‌ಸೆಟ್ ತಿದ್ದುವುದು. ಮಾಡಿದ ಭಾಗಗಳು: ಸ್ಟೀಲ್ ಬುಷ್, ಅಲ್ಯೂಮಿನಿಯಂ ಹೌಸಿಂಗ್, ಸ್ಟೇನ್‌ಲೆಸ್ ಶಾಫ್ಟ್. 20 ಮೈಕ್ರಾನ್ ಟಾಲರೆನ್ಸ್ ಒಳಗಿನ ಫಿನಿಶಿಂಗ್. ಮೈಕ್ರೊಮೀಟರ್, ಬೋರ್ ಗೇಜ್, ಹೈಟ್ ಗೇಜ್‌ಗಳಿಂದ ಅಳತೆ, ಫಸ್ಟ್ ಪೀಸ್ ತಪಾಸಣೆ, ವರದಿ ಬರೆಯುವುದು. ಹೈಡ್ರಾಲಿಕ್ ಆಯಿಲ್, ಕೂಲಂಟ್, ಚಕ್ ಇವುಗಳ ವಾರದ ನಿರ್ವಹಣೆ. ಇಬ್ಬರು ಅಪ್ರೆಂಟಿಸ್‌ಗಳಿಗೆ ಕಲಿಸಿದ್ದು. ವಾರಕ್ಕೆ 48 ಗಂಟೆ, ಪೂರ್ಣಾವಧಿ. ಬರೆದು ಮುಗಿಸಿದಾಗ ಒಂದೂವರೆ ಪುಟವಾಗಿತ್ತು. 'ಸರ್, ಇಷ್ಟೆಲ್ಲ ನಾನೇ ಮಾಡ್ತಾ ಇದ್ನಾ' ಎಂದು ಕಾಗದವನ್ನೇ ನೋಡುತ್ತ ಕೂತ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಇದನ್ನು ಕಂಪನಿಯ ಲೆಟರ್‌ಹೆಡ್ ಮೇಲೆ, ಸಹಿ ಮತ್ತು ಸೀಲಿನೊಂದಿಗೆ ಪಡೆಯಬೇಕು. ಸುಳ್ಳು ಸೇರಿಸಲು ಹೋಗಬೇಡಿ. ಕಾಗದ ಸಾಲದಾದಾಗ ಅವರು ಕೌಶಲ ಪರೀಕ್ಷೆ ಇಡಬಹುದು, ತಜ್ಞರೊಬ್ಬರ ಮುಂದೆ ಮಾತಾಡಬೇಕು ಅಥವಾ ಮೆಷಿನ್ ಮೇಲೆ ಮಾಡಿ ತೋರಿಸಬೇಕು. ಅಲ್ಲಿ ಸುಳ್ಳು ಐದು ನಿಮಿಷ ನಿಲ್ಲುವುದಿಲ್ಲ.

ಗುತ್ತಿಗೆ ಕಾರ್ಮಿಕರಿಗೆ ಇನ್ನೂ ಒಂದು ಕಷ್ಟ. ದುಡಿದದ್ದು ದೊಡ್ಡ ಕಾರ್ಖಾನೆಯ ಒಳಗೆ, ಸಂಬಳ ಕೊಟ್ಟಿದ್ದು ಕಾಂಟ್ರಾಕ್ಟರು. ಕಾರ್ಖಾನೆಯವರು 'ನೀನು ನಮ್ಮ ರೋಲ್‌ನಲ್ಲಿ ಇಲ್ಲ' ಎನ್ನುತ್ತಾರೆ, ಕಾಂಟ್ರಾಕ್ಟರಿಗೆ ಮೆಷಿನ್ನಿನ ಹೆಸರೇ ಗೊತ್ತಿಲ್ಲ. ಅಂಥವರು ಕಾಂಟ್ರಾಕ್ಟರಿನಿಂದಲೇ ಪತ್ರ ಪಡೆದು, ಯಾವ ಕಾರ್ಖಾನೆಯಲ್ಲಿ, ಯಾವ ವಿಭಾಗದಲ್ಲಿ ದುಡಿದದ್ದೆಂದು ಅದರಲ್ಲೇ ಬರೆಸಿಕೊಳ್ಳಲಿ. ಜೊತೆಗೆ ಪಿಎಫ್ ಖಾತೆಯ ಸೇವಾ ವಿವರ, ಸಂಬಳದ ಚೀಟಿ, ಇಎಸ್‌ಐ ಕಾರ್ಡ್, ಸಿಕ್ಕಿದ ತರಬೇತಿ ಪ್ರಮಾಣಪತ್ರ ಎಲ್ಲವನ್ನೂ ಒಂದು ಫೈಲಿನಲ್ಲಿ ಜೋಡಿಸಿಡಿ. ಕೆಲಸ ಬಿಟ್ಟು ಮೂರು ವರ್ಷವಾದ ಮೇಲೆ ಹೋದರೆ ಸೂಪರ್‌ವೈಸರ್ ಬದಲಾಗಿರುತ್ತಾರೆ, ಕೆಲವು ಸಲ ಶೆಡ್ಡೇ ಮುಚ್ಚಿರುತ್ತದೆ. ಬಿಡುವ ದಿನವೇ ಪತ್ರ ಕೇಳಿ.

ಐಟಿಐ ಮುಗಿಸಿ ಅಪ್ರೆಂಟಿಸ್ ಮಾಡಿದವರು ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರವನ್ನು ಬೀರುವಿನ ಮೂಲೆಯಲ್ಲಿ ಬಿಡಬೇಡಿ. ಅದು ಕಾರ್ಖಾನೆಯೊಳಗೆ ಕಲಿತದ್ದಕ್ಕೆ ಸರ್ಕಾರದ ಮುದ್ರೆಯಿರುವ ಪುರಾವೆ. ಎರಡು ವರ್ಷದ ಪಠ್ಯಕ್ರಮದ ಪ್ರತಿ, ಯಾವ ವಿಷಯಕ್ಕೆ ಎಷ್ಟು ಗಂಟೆ ಎಂಬ ವಿವರವಿದ್ದರೆ, ತುಂಬ ಅನುಕೂಲ.

ಹೆಸರಿನ ವಿಚಾರವನ್ನು ಹೇಳಲೇಬೇಕು. ನಮ್ಮ ಕಡೆ ಹೆಸರಿನ ಕೊನೆಗೆ ಎರಡು ಇನಿಷಿಯಲ್ ಇರುತ್ತವೆ, ಒಂದು ಊರಿನದ್ದು, ಒಂದು ತಂದೆಯದ್ದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಐಟಿಐ ಸರ್ಟಿಫಿಕೇಟಿನಲ್ಲಿ ಅದೂ ಇಲ್ಲ, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು, ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರೇ ಸರ್‌ನೇಮ್. ನೋಡುವವರಿಗೆ ನಾಲ್ಕು ಕಾಗದ ನಾಲ್ಕು ಜನರದ್ದು. ಪಾಸ್‌ಪೋರ್ಟ್ ಮಾಡಿಸುವ ಮೊದಲೇ ಸರಿಪಡಿಸಿಕೊಳ್ಳುವುದು ಸುಲಭ. ಆಮೇಲಾದರೆ ಅಫಿಡವಿಟ್, ತಿದ್ದುಪಡಿ ಎಂದು ತಿಂಗಳುಗಟ್ಟಲೆ ಅಲೆಯಬೇಕು.

ಭಾಷೆ, ಆಮೇಲೆ ಕೆಲಸದ ಹುಡುಕಾಟ

'ಭಾಷೆ ಬೇಕಿಲ್ಲ' ಎನ್ನುವವನನ್ನು ನಂಬಬೇಡಿ. ವೀಸಾ ನಿಯಮದಲ್ಲಿ ಎ2 ಸಾಕಾದರೂ ಶಾಪ್‌ಫ್ಲೋರ್‌ನಲ್ಲಿ ಸುರಕ್ಷತೆಯ ಸೂಚನೆ, ಶಿಫ್ಟ್ ಹಸ್ತಾಂತರ, ಬ್ರೇಕ್‌ಡೌನ್ ವರದಿ ಎಲ್ಲ ಜರ್ಮನ್‌ನಲ್ಲೇ. ಜಾಹೀರಾತುಗಳಲ್ಲಿ ಹೆಚ್ಚಾಗಿ ಬಿ1 ಕೇಳುತ್ತಾರೆ. ಬೆಂಗಳೂರಿನಲ್ಲಿ ಮ್ಯಾಕ್ಸ್‌ಮುಲ್ಲರ್ ಭವನ ಎಂದೇ ಹೆಸರಾದ ಗೋಥೆ ಇನ್‌ಸ್ಟಿಟ್ಯೂಟ್ ಇದೆ, ಪಾಠವೂ ಪರೀಕ್ಷೆಯೂ ಅಲ್ಲಿ ನಡೆಯುತ್ತವೆ. ಕೆಲಸ ಮಾಡುತ್ತಲೇ ಕಲಿಯುವವರು ಎ2ಗೆ ಎಂಟು ಹತ್ತು ತಿಂಗಳು ಇಟ್ಟುಕೊಳ್ಳಿ. ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ ಎಂದು ಹಿಂಜರಿಯಬೇಡಿ. ಬರೆದಂತೆ ಓದುವ ಗುಣ ಜರ್ಮನ್‌ಗೆ ಇಂಗ್ಲಿಷಿಗಿಂತ ಹೆಚ್ಚು. ಐಟಿಐ ಮೊದಲ ತಿಂಗಳಲ್ಲಿ ಅಂಗೈಯಲ್ಲಿ ಬೊಬ್ಬೆ ಎಬ್ಬಿಸುವ ಫೈಲಿಂಗ್‌ಗೆ ಅವರು ಫೈಲೆನ್ ಎನ್ನುತ್ತಾರೆ. ಟರ್ನಿಂಗ್ ಎಂದರೆ ದ್ರೇಯೆನ್, ಮಿಲ್ಲಿಂಗ್ ಎಂದರೆ ಫ್ರೇಜೆನ್, ವರ್ನಿಯರ್ ಎಂದರೆ ಮೆಸ್‌ಶೀಬರ್. ಕೈಗೆ ಗೊತ್ತಿರುವ ವಸ್ತುವಿಗೆ ಹೊಸ ಹೆಸರು ಕಲಿಯುವುದು ಕಷ್ಟವಲ್ಲ.

ಹುಡುಕುವಾಗ ಜರ್ಮನ್ ಹೆಸರಿನಿಂದಲೇ ಹುಡುಕಿ. ಟರ್ನರ್, ಮೆಷಿನಿಸ್ಟ್‌ಗಳು 'ತ್ಸೆರ್‌ಷ್ಪಾನುಂಗ್ಸ್‌ಮೆಖಾನಿಕರ್', ಟೂಲ್ ಅಂಡ್ ಡೈನವರು 'ವೆರ್ಕ್‌ತ್ಸೊಯ್ಗ್‌ಮೆಖಾನಿಕರ್', ಮೆಕಾಟ್ರಾನಿಕ್ಸ್‌ನವರು 'ಮೆಖಾಟ್ರೋನಿಕರ್' ಎಂದು ಹುಡುಕಬೇಕು. ಜರ್ಮನ್ ಸರ್ಕಾರದ 'ಮೇಕ್ ಇಟ್ ಇನ್ ಜರ್ಮನಿ' ಜಾಲತಾಣದಲ್ಲಿ ಕೆಲಸಗಳ ಪಟ್ಟಿಯಿದೆ, ಅಲ್ಲಿನ ಉದ್ಯೋಗ ಇಲಾಖೆಯ ಸ್ವಂತ ಪೋರ್ಟಲ್‌ನಲ್ಲಿ ಇನ್ನೂ ಹೆಚ್ಚಿವೆ. ಎರಡೂ ಉಚಿತ. ದೊಡ್ಡ ಕಾರು ಕಂಪನಿಗಳ ಹೆಸರು ಹಿಡಿದು ಕೂರಬೇಡಿ. ಅಲ್ಲಿನ ಕಾರು ಉದ್ಯಮ ಈಗ ಕಷ್ಟದಲ್ಲಿದೆ. ಫೋಕ್ಸ್‌ವ್ಯಾಗನ್ 2030ರೊಳಗೆ 35 ಸಾವಿರಕ್ಕೂ ಹೆಚ್ಚು ಹುದ್ದೆ ಕಡಿತ ಮಾಡಲು 2024ರ ಡಿಸೆಂಬರಿನಲ್ಲಿ ಕಾರ್ಮಿಕ ಸಂಘದೊಡನೆ ಒಪ್ಪಂದ ಮಾಡಿಕೊಂಡಿದೆ. ಪ್ಯಾಕೇಜಿಂಗ್ ಮೆಷಿನರಿ, ಆಹಾರ ಸಂಸ್ಕರಣೆ, ರೈಲ್ವೆ, ವಿದ್ಯುತ್ ಉಪಕರಣ, ವೈದ್ಯಕೀಯ ಉಪಕರಣ ಮಾಡುವ ಮಧ್ಯಮ ಗಾತ್ರದ ಕಂಪನಿಗಳ ಕಡೆ ನೋಡಿ. ಬವೇರಿಯಾ ಮತ್ತು ಬಾಡೆನ್-ವುರ್ಟೆಂಬರ್ಗ್ ರಾಜ್ಯಗಳ ಸಣ್ಣ ಊರುಗಳಲ್ಲಿ ಇಂಥವು ಬಹಳ.

ಅರ್ಜಿಯೆಂದರೆ ಒಂದು ಪುಟದ ಪತ್ರ, ಎರಡು ಪುಟದ ಬಯೋಡೇಟಾ, ಪ್ರಮಾಣಪತ್ರಗಳು, ಎಲ್ಲ ಸೇರಿ ಒಂದೇ ಪಿಡಿಎಫ್. ಒಂದೇ ಪತ್ರವನ್ನು ನೂರು ಕಂಪನಿಗೆ ಕಳಿಸುವ ಬದಲು ಹತ್ತು ಕಂಪನಿಗಳ ಜಾಹೀರಾತು ಓದಿ, ಅವರು ಕೇಳಿದ ಮೆಷಿನ್ ನಿಮಗೆ ಗೊತ್ತಿದ್ದರೆ ಮೊದಲ ಸಾಲಿನಲ್ಲೇ ಬರೆಯಿರಿ. ಜಾಹೀರಾತಿನಲ್ಲಿ 'ಶಿಷ್ಟ್‌ಬೆರೈಟ್‌ಶಾಫ್ಟ್' ಎಂದಿದ್ದರೆ ಶಿಫ್ಟಿನಲ್ಲಿ ದುಡಿಯಲು ಸಿದ್ಧರಿದ್ದೀರಾ ಎಂದರ್ಥ. ನಮ್ಮ ಹುಡುಗರಿಗೆ ಅದು ಹೊಸದಲ್ಲ, ಹಾಗೆಂದು ಬರೆದು ತಿಳಿಸಿ.

ಒಂದು ಎಚ್ಚರಿಕೆ. ನಮ್ಮ ಗುತ್ತಿಗೆ ಪದ್ಧತಿಯಂತೆ ಕೆಲಸಗಾರರನ್ನು ಬೇರೆ ಕಾರ್ಖಾನೆಗಳಿಗೆ ಬಾಡಿಗೆಗೆ ಕಳಿಸುವ ಕಂಪನಿಗಳು ಅಲ್ಲೂ ಇವೆ. ಅವುಗಳ ಒಪ್ಪಂದದ ಮೇಲೆ ಹೊರದೇಶದ ಟೆಕ್ನಿಷಿಯನ್‌ಗೆ ಉದ್ಯೋಗ ಇಲಾಖೆಯ ಒಪ್ಪಿಗೆ ಸಿಗುವುದಿಲ್ಲ. ಕಾರ್ಖಾನೆಯೇ ನೇರ ಮಾಲೀಕನಾಗಿರಬೇಕು.

ಒಪ್ಪಂದ ಕೈಗೆ ಬಂದ ದಿನ

ಖುಷಿಪಡುವ ಮೊದಲು ಕಂಪನಿ ಇದೆಯೇ ಎಂದು ನೋಡಿ. ಜರ್ಮನಿಯ ಪ್ರತಿ ಕಂಪನಿಯ ಜಾಲತಾಣದಲ್ಲಿ 'ಇಂಪ್ರೆಸ್ಸುಮ್' ಎಂಬ ಪುಟ ಕಡ್ಡಾಯ. ವಿಳಾಸ, ಹೊಣೆಗಾರರ ಹೆಸರು, ನೋಂದಣಿ ಸಂಖ್ಯೆ ಅದರಲ್ಲಿರಬೇಕು. ಆ ಸಂಖ್ಯೆಯನ್ನು ಅಲ್ಲಿನ ಕಂಪನಿ ನೋಂದಣಿ ದಾಖಲೆಯಲ್ಲಿ ಹುಡುಕಬಹುದು, 2022ರ ಆಗಸ್ಟ್‌ನಿಂದ ಅದು ಎಲ್ಲರಿಗೂ ಉಚಿತ. ಪತ್ರ ಬಂದದ್ದು ಕಂಪನಿಯ ಸ್ವಂತ ಇಮೇಲ್‌ನಿಂದಲೋ ಜಿಮೇಲ್‌ನಿಂದಲೋ ನೋಡಿ. ಸಂಬಳ ಗಂಟೆಗೆ ಎಷ್ಟು ಬೀಳುತ್ತದೆಂದು ಲೆಕ್ಕ ಹಾಕಿ. 2026ರ ಜನವರಿಯಿಂದ ಅಲ್ಲಿನ ಕನಿಷ್ಠ ಕೂಲಿ ಗಂಟೆಗೆ 13.90 ಯೂರೊ. ಅದಕ್ಕಿಂತ ಕಡಿಮೆ ಬರೆದ ಒಪ್ಪಂದ ಅಲ್ಲಿ ಕಾನೂನುಬಾಹಿರ.

ಒಪ್ಪಂದದಲ್ಲಿ ಕಾಣುವುದು ಒಟ್ಟು ಸಂಬಳ. ಒಂಟಿಯಾಗಿರುವವನ ಸಂಬಳದಲ್ಲಿ ತೆರಿಗೆ, ಪಿಂಚಣಿ, ಆರೋಗ್ಯ ವಿಮೆ ಎಂದು ಸುಮಾರು ಮೂರನೇ ಒಂದು ಭಾಗ ಕಡಿತವಾಗುತ್ತದೆ. ಉಳಿದದ್ದರಲ್ಲಿ ಬಾಡಿಗೆ, ಊಟ, ಚಳಿಗಾಲದ ಬಟ್ಟೆ. ಊರಿಗೆ ತಿಂಗಳಿಗೆ ಇಂತಿಷ್ಟು ಕಳಿಸುತ್ತೇನೆ ಎಂದು ತಾಯಿಗೆ ಮಾತು ಕೊಡುವ ಮೊದಲು ಈ ಲೆಕ್ಕ ಮಾಡಿ. ಆ ಕಡಿತಕ್ಕೆ ಪ್ರತಿಫಲವೂ ಇದೆ. ಕಾಯಿಲೆ ಬಿದ್ದರೆ ಆಸ್ಪತ್ರೆಯ ಬಿಲ್ಲಿಗೆ ಚಿಂತೆಯಿಲ್ಲ. ನುರಿತ ಕೆಲಸಗಾರನ ಪರವಾನಗಿಯಲ್ಲಿ ಮೂರು ವರ್ಷ ದುಡಿದು, ಪಿಂಚಣಿ ಕಂತು ಕಟ್ಟಿ, ಬಿ1 ಜರ್ಮನ್ ಇದ್ದವರು ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು.

ವೀಸಾ ಅರ್ಜಿಯನ್ನು ಜರ್ಮನ್ ವಿದೇಶಾಂಗ ಇಲಾಖೆಯ ಕಾನ್ಸುಲರ್ ಪೋರ್ಟಲ್‌ನಲ್ಲಿ ಹಾಕಬೇಕು. ಬೆಂಗಳೂರಿನಲ್ಲೇ ಜರ್ಮನ್ ಕಾನ್ಸುಲೇಟ್ ಇದೆ. ಶುಲ್ಕ 75 ಯೂರೊ. ಕಂಪನಿಗೆ ನೀವು ಬೇಗ ಬೇಕಿದ್ದರೆ ಅದು ಅಲ್ಲಿ 411 ಯೂರೊ ಕಟ್ಟಿ ಶೀಘ್ರ ವಿಧಾನವನ್ನು ಆರಂಭಿಸಬಹುದು. ಈ ಮಾತನ್ನು ಮಾಲೀಕರಿಗೆ ನೀವೇ ನೆನಪಿಸಿ, ಸಣ್ಣ ಕಂಪನಿಗಳಿಗೆ ಇದು ಎಷ್ಟೋ ಸಲ ಗೊತ್ತಿರುವುದಿಲ್ಲ.

ಜರ್ಮನ್ ಬೇಡವೆನ್ನುವವರಿಗೆ ಜಪಾನ್ ಇದೆ. 2019ರ ಏಪ್ರಿಲ್‌ನಲ್ಲಿ ಶುರುವಾದ 'ನಿರ್ದಿಷ್ಟ ಕೌಶಲದ ಕೆಲಸಗಾರ' ವೀಸಾದಲ್ಲಿ ಕಾರ್ಖಾನೆ ಉತ್ಪಾದನೆಯೂ ಒಂದು ಕ್ಷೇತ್ರ. ಇದಕ್ಕಾಗಿ ಭಾರತದೊಂದಿಗೆ 2021ರ ಜನವರಿಯಲ್ಲಿ ಒಪ್ಪಂದವಾಗಿದೆ. ಅಲ್ಲಿ ಎರಡು ವರ್ಷದ ಓದಿನ ಗೆರೆ ಇಲ್ಲ, ವೆಲ್ಡರ್‌ಗಳು ಗಮನಿಸಿ. ಎನ್4 ಮಟ್ಟದ ಜಪಾನಿ ಮತ್ತು ಒಂದು ಕೌಶಲ ಪರೀಕ್ಷೆ ಪಾಸಾಗಬೇಕು. ಆದರೆ ಮೊದಲ ದರ್ಜೆಯ ಈ ವೀಸಾ ಒಟ್ಟು ಐದು ವರ್ಷಕ್ಕೆ ಮಾತ್ರ, ಕುಟುಂಬ ಒಯ್ಯುವಂತಿಲ್ಲ.

ಏಜೆಂಟ್ ಮೂಲಕ ಹೋಗುವುದೇ ಆದರೆ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಆತನ ನೋಂದಣಿ ನೋಡಿ. 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ವಿದೇಶಿ ಕೆಲಸಕ್ಕೆ ಜನ ಕಳಿಸುವುದು ಅಪರಾಧ. ನೋಂದಾಯಿತ ಏಜೆಂಟ್ ಕೂಡ ನಿಮ್ಮಿಂದ 30 ಸಾವಿರ ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ಪಡೆಯುವಂತಿಲ್ಲ, ರಸೀದಿ ಕೊಡಲೇಬೇಕು. ರಾಜ್ಯ ಸರ್ಕಾರದ ಕೌಶಲ್ಯ ಅಭಿವೃದ್ಧಿ ನಿಗಮದಲ್ಲೂ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ, ಮೊದಲು ಅಲ್ಲಿ ವಿಚಾರಿಸಿ. ಕಲಬುರಗಿ ಜಿಲ್ಲೆಯ ಯುವಕರು 2023ರ ಕೊನೆಯಲ್ಲಿ ಭದ್ರತಾ ಸಿಬ್ಬಂದಿ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋಗಿ, ಯುದ್ಧದ ನಡುವೆ ಸಿಕ್ಕಿಬಿದ್ದು, 2024ರ ಸೆಪ್ಟೆಂಬರಿನಲ್ಲಿ ಮನೆ ಸೇರಿದರು. ಅವರೂ ಒಂದು ಆಕರ್ಷಕ ಮಾತನ್ನು ನಂಬಿಯೇ ಹೊರಟಿದ್ದು.

ನನ್ನ ಶಿಷ್ಯ ಈಗ ಎ2 ಪಾಸಾಗಿದ್ದಾನೆ. ಅವನ ಕಾಗದಗಳು ನ್ಯೂರೆಂಬರ್ಗ್ ತಲುಪಿವೆ, ಉತ್ತರ ಇನ್ನೂ ಬರಬೇಕು. ಮೊದಲು ದುಡಿದ ಶೆಡ್ಡಿನ ಮಾಲೀಕರು ಆ ಒಂದೂವರೆ ಪುಟದ ಪತ್ರವನ್ನು ಓದಿ, ಒಂದು ಗೇಜಿನ ಹೆಸರು ತಿದ್ದಿ, ಅಂದೇ ಸಹಿ ಹಾಕಿದರು. ಎರಡನೆಯ ಕಡೆ ಮೂರು ಸಲ ಹೋಗಬೇಕಾಯಿತು. 'ಹೀಗೆ ಬರೆದುಕೊಟ್ಟರೆ ಹುಡುಗರೆಲ್ಲ ಬಿಟ್ಟುಹೋಗ್ತಾರೆ' ಎಂಬ ಹೆದರಿಕೆ ಅವರದ್ದು.

ಪೀಣ್ಯ, ಬೊಮ್ಮಸಂದ್ರ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ್, ಶಿವಮೊಗ್ಗದ ಮಾಚೇನಹಳ್ಳಿಯ ಕಾರ್ಖಾನೆ ಮಾಲೀಕರಲ್ಲಿ ಒಂದು ಬೇಡಿಕೆ. ನಿಮ್ಮ ಮೆಷಿನ್ ಮುಂದೆ ವರ್ಷಗಟ್ಟಲೆ ನಿಂತು ದುಡಿದ ಹುಡುಗ ಬಂದು ಕೇಳಿದಾಗ, ಅವನು ಮಾಡಿದ ಕೆಲಸವನ್ನು ಮಾಡಿದ ಹಾಗೆಯೇ ಬರೆದು, ಸಹಿ ಹಾಕಿ ಕೊಡಿ.